ಮೈದಾನದಲ್ಲಿ ನಡೆಯುವ ವಾದ್ಯ

ಅಮೆರಿಕದ ಪ್ರೌಢಶಾಲೆಯ ಬ್ಯಾಂಡಿಗೆ ಸೇರುವ ಮಗುವಿಗೆ ಸ್ಯಾಕ್ಸೊಫೋನ್ ಆರಿಸುವಾಗ ಕಿವಿಯ ಮಾತನ್ನು ಮಾತ್ರ ಕೇಳಿದರೆ ಸಾಲದು. ಕೊರಳು, ಕಾಲು, ಮಳೆ, ಚಳಿ ಇವುಗಳ ಸಲಹೆಯನ್ನೂ ಕೇಳಬೇಕಾಗುತ್ತದೆ.

ಸ್ಯಾಕ್ಸೊಫೋನ್ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಮೂಡುವುದು ಕದ್ರಿ ಗೋಪಾಲನಾಥರ ಚಿತ್ರ. ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಹೊಳೆಯುವ ಆ ಹಿತ್ತಾಳೆಯ ವಾದ್ಯದಿಂದ ಗಮಕಭರಿತವಾದ ರಾಗಾಲಾಪನೆಯನ್ನು ಹೊರಡಿಸುತ್ತಿದ್ದ ಆ ವಿದ್ವಾಂಸರನ್ನು ಕೇಳಿ ತಲೆದೂಗದವರಿಲ್ಲ. ೧೯೪೯ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಾದಕರೊಬ್ಬರ ಮಗನಾಗಿ ಜನಿಸಿದ ಅವರನ್ನು ಈ ಪರದೇಶದ ವಾದ್ಯದತ್ತ ಸೆಳೆದದ್ದು ಮೈಸೂರು ಅರಮನೆಯ ಬ್ಯಾಂಡು. ಅಲ್ಲಿ ಕೇಳಿದ ನಾದವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಅವರು ವರ್ಷಗಟ್ಟಲೆ ಸಾಧನೆ ಮಾಡಿದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರಸಿದ್ಧ ಪ್ರೊಮೆನಾಡ್ ಕಚೇರಿಯಲ್ಲಿ ನುಡಿಸಿದರು. ೨೦೦೪ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ೨೦೧೯ರಲ್ಲಿ ಅವರು ಕಾಲವಾದರೂ, ದಕ್ಷಿಣ ಕನ್ನಡದ ದೇವಾಲಯಗಳಲ್ಲಿ, ಮದುವೆಯ ಮನೆಗಳಲ್ಲಿ ಇಂದಿಗೂ ಸ್ಯಾಕ್ಸೊಫೋನಿನ ಮಂಗಳಧ್ವನಿ ಕೇಳಿಬರುತ್ತಿದೆ.

ಆದರೆ ಕುಳಿತು ನುಡಿಸುವ ಭಾಗ್ಯ ಈ ವಾದ್ಯಕ್ಕೆ ಅನಂತರ ಬಂದದ್ದು. ಗೋಪಾಲನಾಥರ ಕಿವಿಗೆ ಅದು ಮೊದಲು ಬಿದ್ದದ್ದು ಬ್ಯಾಂಡಿನೊಳಗಿಂದ ಎಂಬುದು ಆಕಸ್ಮಿಕವಲ್ಲ. ಬ್ಯಾಂಡೇ ಅದರ ತವರು. ಈ ತವರಿನ ಸಂಬಂಧವನ್ನು ಇಂದಿಗೂ ಅತ್ಯಂತ ವೈಭವದಿಂದ ಉಳಿಸಿಕೊಂಡು ಬಂದಿರುವವರು ಅಮೆರಿಕದ ಪ್ರೌಢಶಾಲೆಯ ಮಕ್ಕಳು. ಅವರು ಸ್ಯಾಕ್ಸೊಫೋನನ್ನು ಕುಳಿತು ಮಾತ್ರ ನುಡಿಸುವುದಿಲ್ಲ; ನಡೆಯುತ್ತ, ತಿರುಗುತ್ತ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ನುಡಿಸುತ್ತಾರೆ. ಆ ದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಈ ಬ್ಯಾಂಡುಗಳಲ್ಲಿ ಸೇರುವುದುಂಟು. ಹೀಗೆ ಸೇರಿದ ಮಗು ಒಂದು ಸಂಜೆ ಮನೆಗೆ ಬಂದು, “ಅಪ್ಪಾ, ನನಗೊಂದು ಸ್ಯಾಕ್ಸೊಫೋನ್ ಬೇಕು” ಎಂದಾಗ, ವಾದ್ಯದ ಗಂಧವೇ ಇಲ್ಲದ ತಂದೆತಾಯಿಗಳು ಏನು ಮಾಡಬೇಕು? ಯಾವುದನ್ನು ಕೊಳ್ಳಬೇಕು? ಎಷ್ಟು ಹಣ ಸುರಿಯಬೇಕು?

ಶುಕ್ರವಾರದ ಸಂಜೆ

ಅಮೆರಿಕದಲ್ಲಿ ಪ್ರೌಢಶಾಲೆಯೆಂದರೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳ ವಿದ್ಯಾಭ್ಯಾಸ. ಶರತ್ಕಾಲ ಬಂತೆಂದರೆ ಶುಕ್ರವಾರದ ಸಂಜೆ ಚಿಕ್ಕ ಊರುಗಳಲ್ಲಿ ಊರಿಗೆ ಊರೇ ಶಾಲೆಯ ಫುಟ್‌ಬಾಲ್ ಮೈದಾನದತ್ತ ಹೊರಡುತ್ತದೆ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಆ ಆಟದ ನಡುವಣ ವಿರಾಮದಲ್ಲಿ ಮೈದಾನ ಬ್ಯಾಂಡಿನವರ ವಶವಾಗುತ್ತದೆ. ಗರಿಯ ಟೋಪಿ, ಜರತಾರಿಯ ಸಮವಸ್ತ್ರ, ನೂರಾರು ಹೊಳೆಯುವ ವಾದ್ಯಗಳು! ಮಕ್ಕಳು ನುಡಿಸುತ್ತ ನಡೆದಂತೆಲ್ಲ ಹಸಿರು ನೆಲದ ಮೇಲೆ ವೃತ್ತಗಳು, ನಕ್ಷತ್ರಗಳು, ಅಕ್ಷರಗಳು ಮೂಡಿ ಮಾಯವಾಗುತ್ತವೆ. ಹೀಗೆ ಮೈದಾನದಲ್ಲಿ ಚಿತ್ರ ಬರೆಯುವ ಸಂಪ್ರದಾಯಕ್ಕೆ ನೂರಕ್ಕೂ ಹೆಚ್ಚು ವರ್ಷಗಳಾಗಿವೆ. ೧೯೦೭ರಲ್ಲಿ ಇಂಡಿಯಾನಾ ಪ್ರಾಂತದ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡು ತನ್ನ ಹೆಸರಿನ ಮೊದಲ ಅಕ್ಷರವಾದ ‘ಪಿ’ಯ ಆಕಾರದಲ್ಲಿ ಮೈದಾನದಲ್ಲಿ ನಿಂತು ಜನರನ್ನು ಬೆರಗುಗೊಳಿಸಿತು. ೧೯೨೩ರಲ್ಲಿ ಷಿಕಾಗೋ ನಗರದಲ್ಲಿ ಶಾಲಾ ಬ್ಯಾಂಡುಗಳಿಗೆ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು. ಅದರ ಹಿಂದೆ ವಾದ್ಯ ತಯಾರಕರ ಉತ್ತೇಜನವೂ ಇತ್ತು. ಅಲ್ಲಿಂದ ಮುಂದೆ ಬ್ಯಾಂಡು ಅಮೆರಿಕದ ಶಾಲೆಗಳ ಅವಿಭಾಜ್ಯ ಅಂಗವಾಗಿ ಬೆಳೆಯಿತು.

ನೋಡುವವರಿಗೆ ಇದು ಹಬ್ಬ. ನುಡಿಸುವವರಿಗಾದರೋ ಕಠಿಣ ತಪಸ್ಸು. ಶಾಲೆ ತೆರೆಯುವ ಮುನ್ನವೇ, ಬೇಸಗೆಯ ಸುಡುಬಿಸಿಲಿನಲ್ಲಿ, ‘ಬ್ಯಾಂಡ್ ಕ್ಯಾಂಪ್’ ಎಂಬ ಶಿಬಿರ ಆರಂಭವಾಗುತ್ತದೆ. ದಿನಕ್ಕೆ ಹಲವು ಗಂಟೆಗಳ ಕಾಲ ಮಕ್ಕಳು ಹೆಜ್ಜೆಯನ್ನು ಅಭ್ಯಾಸ ಮಾಡುತ್ತಾರೆ. ಐದು ಗಜ ದೂರವನ್ನು ಸರಿಯಾಗಿ ಎಂಟು ಹೆಜ್ಜೆಗಳಲ್ಲಿ ಕ್ರಮಿಸಬೇಕೆಂಬುದು ಅಲ್ಲಿನ ವಾಡಿಕೆ. ಅಂದರೆ ಒಂದೊಂದು ಹೆಜ್ಜೆಯೂ ಇಪ್ಪತ್ತೆರಡೂವರೆ ಅಂಗುಲ. ಹಿಮ್ಮಡಿಯನ್ನು ಮೊದಲು ಊರಿ, ಪಾದವನ್ನು ಮೆಲ್ಲನೆ ಉರುಳಿಸುತ್ತ ಬೆರಳ ತುದಿಗೆ ಬರಬೇಕು. ಹಾಗಲ್ಲದೆ ಧಡಧಡನೆ ನಡೆದರೆ ಮೈ ಕುಲುಕಿ, ಬಾಯಲ್ಲಿರುವ ವಾದ್ಯ ಅದುರಿ, ಸ್ವರವೂ ನಡುಗುತ್ತದೆ. ಕಾಲು ಪಕ್ಕಕ್ಕೆ ಸಾಗುತ್ತಿದ್ದರೂ ಎದೆ ಮತ್ತು ವಾದ್ಯಗಳು ಪ್ರೇಕ್ಷಕರ ಕಡೆಗೇ ತಿರುಗಿರಬೇಕು. ಇಂತಹ ಕೆಲಸಕ್ಕೆ ಹೊರಟ ಮಗುವಿನ ಕೈಗೆ ಕೊಡುವ ವಾದ್ಯವನ್ನು ಸಂಗೀತಶಾಲೆಯ ಕೋಣೆಯಲ್ಲಿ ಕುಳಿತು ಆರಿಸಿದರೆ ಸಾಲದೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಬಯಲಿಗಾಗಿ ಹುಟ್ಟಿದ್ದು

ಸ್ಯಾಕ್ಸೊಫೋನಿನ ಜನಕ ಅಡಾಲ್ಫ್ ಸ್ಯಾಕ್ಸ್. ೧೮೧೪ರಲ್ಲಿ ಬೆಲ್ಜಿಯಂ ನಾಡಿನ ದಿನಾಂ ಎಂಬ ಊರಿನಲ್ಲಿ, ವಾದ್ಯ ತಯಾರಿಸುವವನ ಮಗನಾಗಿ ಹುಟ್ಟಿದ ಈತ, ತಂದೆಯ ಕಸುಬನ್ನೇ ಹಿಡಿದು ಪ್ಯಾರಿಸ್ಸಿಗೆ ಬಂದ. ಕೊಳಲಿನ ಕುಲಕ್ಕೆ ಸೇರಿದ ಮರದ ವಾದ್ಯಗಳಿಗೆ ಮಾರ್ದವವಿದೆ, ಬಯಲಿನಲ್ಲಿ ಕೇಳಿಸುವಷ್ಟು ಕಸುವಿಲ್ಲ. ತುತ್ತೂರಿಯ ಕುಲದ ಹಿತ್ತಾಳೆಯ ವಾದ್ಯಗಳಿಗೆ ಕಸುವಿದೆ, ಮಾರ್ದವ ಕಡಮೆ. ಎರಡರ ಗುಣವನ್ನೂ ಒಂದೇ ಕೊಳವೆಯಲ್ಲಿ ತರಬೇಕೆಂಬುದು ಅವನ ಹಂಬಲ. ೧೮೪೫ರಲ್ಲಿ ಪ್ಯಾರಿಸ್ಸಿನ ಷಾಂ ದ ಮಾರ್ಸ್ ಬಯಲಿನಲ್ಲಿ ಸೈನ್ಯದ ಹಳೆಯ ಕ್ರಮದ ಬ್ಯಾಂಡಿಗೂ ಸ್ಯಾಕ್ಸನ ಹೊಸ ವಾದ್ಯಗಳ ಬ್ಯಾಂಡಿಗೂ ಬಹಿರಂಗ ಸ್ಪರ್ಧೆಯೇ ನಡೆದು, ಜನ ಸ್ಯಾಕ್ಸನ ಪಕ್ಷವನ್ನು ಮೆಚ್ಚಿಕೊಂಡರು. ೧೮೪೬ರಲ್ಲಿ ಅವನಿಗೆ ಸ್ಯಾಕ್ಸೊಫೋನಿನ ಹಕ್ಕುಪತ್ರ ದೊರೆಯಿತು. ಫ್ರೆಂಚ್ ಸೈನ್ಯದ ಬ್ಯಾಂಡುಗಳಲ್ಲಿ ಅದಕ್ಕೆ ಸ್ಥಾನವೂ ದೊರೆಯಿತು. ತನ್ನ ಹೆಸರನ್ನು ಜಗತ್ತಿಗೆಲ್ಲ ಹರಡಿದ ಈ ಮನುಷ್ಯ ಮಾತ್ರ ಎದುರಾಳಿಗಳ ವ್ಯಾಜ್ಯಗಳಲ್ಲಿ ಸಿಲುಕಿ, ಹಲವು ಸಲ ದಿವಾಳಿಯೆದ್ದು, ೧೮೯೪ರಲ್ಲಿ ಬಡತನದಲ್ಲಿಯೇ ತೀರಿಕೊಂಡನು.

ಮೈಯೆಲ್ಲ ಹಿತ್ತಾಳೆಯಾದರೂ ಸ್ಯಾಕ್ಸೊಫೋನನ್ನು ಮರದ ವಾದ್ಯಗಳ ವರ್ಗದಲ್ಲಿಯೇ ಎಣಿಸುತ್ತಾರೆ. ಅದರ ನಾದ ಹುಟ್ಟುವುದು ಬಾಯಿಗಂಡಿಗೆ ಕಟ್ಟಿದ ‘ರೀಡ್’ ಎಂಬ ತೆಳ್ಳನೆಯ ಜೊಂಡಿನ ಸೀಳಿನಿಂದ. ಉಸಿರು ತಾಗಿ ಈ ಸೀಳು ಕಂಪಿಸುತ್ತದೆ. ಶಂಕುವಿನಂತೆ ಅಗಲವಾಗುತ್ತ ಹೋಗುವ ಕೊಳವೆ ಆ ಕಂಪನವನ್ನು ಬೆಳೆಸುತ್ತದೆ. ಕೊಳವೆಯ ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ರಂಧ್ರಗಳು. ಒಂದೊಂದಕ್ಕೂ ಒಂದು ಮುಚ್ಚಳ. ಮುಚ್ಚಳದ ಒಳಗೆ ಉಣ್ಣೆಯ ಮೇಲೆ ತೊಗಲು ಹೊದಿಸಿದ ಮೆತ್ತೆ. ಈ ಮೆತ್ತೆಗೆ ‘ಪ್ಯಾಡ್’ ಎಂದು ಹೆಸರು. ಈ ಪುಟ್ಟ ಮೆತ್ತೆಗಳ ವಿಷಯವನ್ನು ಕೊಳ್ಳುವವರು ಮರೆಯದಿರುವುದು ಲೇಸು. ಮಗುವಿನ ಸಂಗೀತದ ಭವಿಷ್ಯ ಎಷ್ಟೋ ವೇಳೆ ಅವುಗಳನ್ನೇ ಅವಲಂಬಿಸಿರುತ್ತದೆ.

ನಾಲ್ವರು ಒಡಹುಟ್ಟಿದವರು

ಸ್ಯಾಕ್ಸೊಫೋನ್ ಒಂದಲ್ಲ, ಅದೊಂದು ಕುಟುಂಬ. ಇಂದು ಬಳಕೆಯಲ್ಲಿರುವ ಮುಖ್ಯ ಸದಸ್ಯರು ನಾಲ್ವರು: ಸೊಪ್ರಾನೋ, ಆಲ್ಟೋ, ಟೆನರ್, ಬ್ಯಾರಿಟೋನ್. ಸೊಪ್ರಾನೋ ಅತ್ಯಂತ ಚಿಕ್ಕದು, ಅದರ ಧ್ವನಿ ತಾರದ್ದು; ಬ್ಯಾರಿಟೋನ್ ದೊಡ್ಡದು, ಮಂದ್ರದ ಗಂಭೀರ ಧ್ವನಿಯುಳ್ಳದ್ದು. ನಾಲ್ಕರಲ್ಲಿಯೂ ಬೆರಳಿಡುವ ಕ್ರಮ ಒಂದೇ ಎಂಬುದು ಸ್ಯಾಕ್ಸನು ಮಾಡಿದ ದೊಡ್ಡ ಉಪಕಾರ. ಆಲ್ಟೋದಲ್ಲಿ ಪಳಗಿದ ಮಗು ಮುಂದೆ ಟೆನರನ್ನೋ ಬ್ಯಾರಿಟೋನನ್ನೋ ಕೈಗೆತ್ತಿಕೊಂಡರೆ ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ; ಉಸಿರಿನ ಪ್ರಮಾಣವನ್ನೂ ತುಟಿಯ ಬಿಗಿತವನ್ನೂ ಹೊಂದಿಸಿಕೊಂಡರೆ ಆಯಿತು.

ಸೊಪ್ರಾನೋ ನೋಡಲು ಅಂದ, ಹೊರಲು ಹಗುರ. ಆದರೆ ಅದರ ಶ್ರುತಿಯನ್ನು ಹಿಡಿದಿಡುವುದು ಅನುಭವಸ್ಥರಿಗೂ ಕಷ್ಟ. ನಡೆಯುತ್ತ ನುಡಿಸುವ ಬ್ಯಾಂಡುಗಳಲ್ಲಿ ಅದಕ್ಕೆ ಸ್ಥಾನವೂ ವಿರಳ. ಆಲ್ಟೋ ಸುಮಾರು ಎರಡೂವರೆ ಕಿಲೋಗ್ರಾಂ ತೂಗುತ್ತದೆ. ಚಿಕ್ಕ ಕೈಗಳಿಗೂ ಎಟಕುತ್ತದೆ. ಬ್ಯಾಂಡಿನಲ್ಲಿ ಪಲ್ಲವಿಯಂತಹ ಮುಖ್ಯ ಭಾಗವನ್ನು ನುಡಿಸುವ ಅವಕಾಶವೂ ಅದಕ್ಕೆ ಹೆಚ್ಚು. ಹೊಸಬರಿಗೆ ಗುರುಗಳು ಅದನ್ನೇ ಸೂಚಿಸುವುದಕ್ಕೆ ಇದೇ ಕಾರಣ. ಟೆನರಿನ ತೂಕ ಮೂರು, ಮೂರೂವರೆ ಕಿಲೋಗ್ರಾಂ. ಧ್ವನಿ ಗಂಡುಕಂಠದಂತೆ ತುಂಬಿದ್ದು, ಬಯಲಿನಲ್ಲಿ ಚೆನ್ನಾಗಿ ಹರಡುವುದು. ಮೈಕಟ್ಟು ಗಟ್ಟಿಯಾಗಿರುವ, ಒಂದೆರಡು ವರ್ಷ ಆಲ್ಟೋ ನುಡಿಸಿರುವ ಹುಡುಗ ಹುಡುಗಿಯರಿಗೆ ಇದು ಒಪ್ಪುವುದು. ಇನ್ನು ಬ್ಯಾರಿಟೋನ್! ಐದಾರು ಕಿಲೋಗ್ರಾಂ ಭಾರದ ಈ ಹಿರಿಯಣ್ಣನನ್ನು ಕೊರಳಿಗೆ ಕಟ್ಟಿಕೊಂಡು ಗಂಟೆಗಟ್ಟಲೆ ನಡೆಯುವುದು ಎಲ್ಲರಿಗೂ ಸಾಧ್ಯವಲ್ಲ. ಬೆಲೆಯೂ ಬಹಳ ಹೆಚ್ಚು. ಆದಕಾರಣ ಅನೇಕ ಶಾಲೆಗಳು ತಾವೇ ಅದನ್ನು ಕೊಂಡಿಟ್ಟು, ನುಡಿಸುವ ವಿದ್ಯಾರ್ಥಿಗೆ ಎರವಲು ಕೊಡುತ್ತವೆ. ಮಗುವಿಗೆ ಬ್ಯಾರಿಟೋನಿನ ಆಸೆಯಿದ್ದರೆ ಅಂಗಡಿಗೆ ಓಡುವ ಮೊದಲು ಶಾಲೆಯ ಉಗ್ರಾಣದಲ್ಲಿ ಏನಿದೆಯೆಂದು ವಿಚಾರಿಸಬೇಕು.

ಯಾವುದನ್ನು ಕೊಳ್ಳುವುದಕ್ಕೂ ಮುಂಚೆ ಬ್ಯಾಂಡಿನ ನಿರ್ದೇಶಕರನ್ನು ಕಾಣುವುದು ಮೊದಲ ಕರ್ತವ್ಯ. ಬ್ಯಾಂಡಿನಲ್ಲಿ ಆಗಲೇ ಹತ್ತು ಆಲ್ಟೋಗಳಿದ್ದು ಟೆನರಿನ ಕೊರತೆಯಿರಬಹುದು. ತಮ್ಮ ಶಿಷ್ಯರಿಗೆ ಇಂತಿಂತಹ ತಯಾರಿಕೆಯ ವಾದ್ಯ ಸರಿಯೆಂದು ಹಲವರು ಪಟ್ಟಿಯನ್ನೇ ಕೊಡುತ್ತಾರೆ. ಕೆಲವು ಬ್ಯಾಂಡುಗಳಲ್ಲಿ ವಾದ್ಯಗಳ ಬಣ್ಣ ಒಂದೇ ಆಗಿರಬೇಕೆಂಬ ನಿಯಮವೂ ಉಂಟು. ಅಂತಹ ಕಡೆ ಮಗು ಆಸೆಪಟ್ಟಿತೆಂದು ಕಪ್ಪು ಇಲ್ಲವೇ ಕೆಂಪು ಬಣ್ಣದ ವಾದ್ಯ ತಂದರೆ ಪೇಚಿಗೀಡಾಗಬೇಕಾಗುತ್ತದೆ.

ಕೊರಳಿನ ಕಷ್ಟ

ಸ್ಯಾಕ್ಸೊಫೋನಿನ ಬೆನ್ನಿನಲ್ಲಿ ಒಂದು ಬಳೆಯಿದೆ. ಅದಕ್ಕೆ ಕೊಂಡಿ ಸಿಕ್ಕಿಸಿ, ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುವುದು ರೂಢಿ. ಕುರ್ಚಿಯ ಮೇಲೆ ಕುಳಿತು ಅರ್ಧ ಗಂಟೆ ನುಡಿಸುವವನಿಗೆ ಇದರಿಂದ ತೊಂದರೆಯಿಲ್ಲ. ಬಿಸಿಲಿನಲ್ಲಿ ಮೂರು ಗಂಟೆ ನಡೆಯುವ ಹದಿನಾಲ್ಕು ವರ್ಷದ ಮಗುವಿನ ಪಾಡು ಬೇರೆ. ಭಾರವೆಲ್ಲ ಕತ್ತಿನ ಹಿಂಭಾಗದ ಒಂದೇ ಜಾಗವನ್ನು ಒತ್ತುತ್ತದೆ. ತಲೆ ತಾನಾಗಿ ಮುಂದಕ್ಕೆ ಬಾಗುತ್ತದೆ. ಬಾಗಿದ ಕೊರಳಿನಲ್ಲಿ ಉಸಿರು ಸರಾಗವಾಗಿ ಹರಿಯುವುದಿಲ್ಲ. ಕ್ಯಾಲಿಫೋರ್ನಿಯದ ಪ್ಯಾಸಡೀನಾ ನಗರದಲ್ಲಿ ಹೊಸ ವರ್ಷದ ‘ರೋಸ್ ಪೆರೇಡ್’ ಎಂಬ ಪ್ರಖ್ಯಾತ ಮೆರವಣಿಗೆ ಸುಮಾರು ಐದೂವರೆ ಮೈಲಿ ಸಾಗುತ್ತದೆ. ಅದರಲ್ಲಿ ಭಾಗವಹಿಸುವ ಶಾಲಾ ಬ್ಯಾಂಡಿನ ಮಕ್ಕಳು ಅಷ್ಟು ದೂರವೂ ವಾದ್ಯವನ್ನು ಹೊತ್ತೇ ನಡೆಯಬೇಕು.

ಇದಕ್ಕೆ ಪರಿಹಾರ ಸುಲಭ. ಎರಡು ಹೆಗಲಿಗೂ ಭಾರವನ್ನು ಹಂಚುವ, ಶಾಲೆಯ ಚೀಲದ ಪಟ್ಟಿಗಳನ್ನು ಹೋಲುವ ಹೆಗಲುಪಟ್ಟಿಗಳು ದೊರೆಯುತ್ತವೆ. ವಾದ್ಯದ ಬೆಲೆಯೊಡನೆ ಹೋಲಿಸಿದರೆ ಅದರ ಬೆಲೆ ಅಲ್ಪ. ಟೆನರ್ ಮತ್ತು ಬ್ಯಾರಿಟೋನ್ ವಾದಕರಿಗೆ ಇದು ಅತ್ಯಗತ್ಯ. ಆಲ್ಟೋ ವಾದಕರಿಗೂ ಹಿತಕರ. ಸಮವಸ್ತ್ರದ ಮೇಲೆ ಅದು ಕಾಣಿಸಬಹುದೇ ಎಂದು ನಿರ್ದೇಶಕರನ್ನು ಕೇಳಿಕೊಂಡರೆ ಆಯಿತು. ಅಂಗಡಿಯಲ್ಲಿ ವಾದ್ಯ ನೋಡುವಾಗ ಮಗುವನ್ನು ಕುಳ್ಳಿರಿಸಿ ನುಡಿಸಲು ಹೇಳದೆ, ಪಟ್ಟಿ ತೊಡಿಸಿ, ನಿಲ್ಲಿಸಿ, ಹತ್ತು ನಿಮಿಷ ಅತ್ತಿತ್ತ ನಡೆಯಿಸಬೇಕು. ಬಲಗೈಯ ಹೆಬ್ಬೆರಳು ನೋಯುತ್ತದೆಯೇ, ಕಿರುಬೆರಳು ಕೆಳಗಿನ ಕೀಲಿಗಳನ್ನು ಮುಟ್ಟುತ್ತದೆಯೇ, ತಲೆ ನೇರವಾಗಿ ನಿಲ್ಲುತ್ತದೆಯೇ ಎಂದು ನೋಡಬೇಕು. ಮಗುವಿನ ಬಾಯಿಗೆ ವಾದ್ಯ ಬರಬೇಕೇ ಹೊರತು ವಾದ್ಯಕ್ಕಾಗಿ ಮಗು ಬಾಗಬಾರದು.

ಮಳೆ, ಚಳಿ, ಬಿಸಿಲು

ಆಗಸ್ಟಿನ ಸೆಕೆಯಲ್ಲಿ ಆರಂಭವಾದ ಅಭ್ಯಾಸ ನವೆಂಬರಿನ ಕೊರೆಯುವ ಚಳಿಯವರೆಗೂ ಸಾಗುತ್ತದೆ. ನಡುವೆ ಮಳೆ ಬಂದರೂ ಬರಬಹುದು. ಹಿತ್ತಾಳೆಗೆ ಮಳೆಯ ಭಯ ಅಷ್ಟಿಲ್ಲ. ಭಯವಿರುವುದು ತೊಗಲಿನ ಮೆತ್ತೆಗಳಿಗೆ. ನೆನೆದ ತೊಗಲು ಉಬ್ಬಿ, ಒಣಗಿದಾಗ ಗಡುಸಾಗಿ, ರಂಧ್ರವನ್ನು ಸರಿಯಾಗಿ ಮುಚ್ಚದಂತಾಗುತ್ತದೆ. ಒಳಗಿನ ಉಕ್ಕಿನ ತಂತಿ, ತಿರುಪುಗಳಿಗೆ ತುಕ್ಕು ಹಿಡಿಯುತ್ತದೆ. ಮಳೆಯಲ್ಲಿ ನೆನೆದ ದಿನ ವಾದ್ಯವನ್ನು ಹಾಗೆಯೇ ಪೆಟ್ಟಿಗೆಯಲ್ಲಿ ಮುಚ್ಚಿಡದೆ, ಕೊಳವೆಯೊಳಗೆ ಬಟ್ಟೆ ಎಳೆದು, ಮೆತ್ತೆಗಳ ನಡುವೆ ನೀರು ಹೀರುವ ಕಾಗದವಿಟ್ಟು ಒಣಗಿಸುವುದನ್ನು ಮಗುವಿಗೆ ಕಲಿಸಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವಾದ್ಯ ಬಿಟ್ಟುಹೋಗುವುದೂ ಅಷ್ಟೇ ಅಪಾಯಕರ. ಕಾವಿಗೆ ಮೆತ್ತೆಗಳ ಅಂಟು ಕರಗಿ ಅವು ಸ್ಥಾನ ತಪ್ಪುತ್ತವೆ.

ಚಳಿಯ ಉಪಟಳ ಬೇರೊಂದು ಬಗೆಯದು. ತಂಪಾದ ಗಾಳಿಯಲ್ಲಿ ಶಬ್ದ ನಿಧಾನವಾಗಿ ಚಲಿಸುತ್ತದೆ: ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರ್ ಓಡುವ ಶಬ್ದ, ಸೊನ್ನೆ ಡಿಗ್ರಿಯಲ್ಲಿ ೩೩೧ ಮೀಟರಿಗೆ ಇಳಿಯುತ್ತದೆ. ಇದರ ಫಲವಾಗಿ ಕೊಳವೆಯ ವಾದ್ಯಗಳ ಶ್ರುತಿ ತಗ್ಗುತ್ತದೆ. ನುಡಿಸುವವನ ಬಿಸಿಯುಸಿರು ಕೊಳವೆಯನ್ನು ತುಸು ಬೆಚ್ಚಗಾಗಿಸಿದರೂ ಶ್ರುತಿ ಪೂರ್ತಿ ಏರದು. ಬಾಯಿಗಂಡಿಯನ್ನು ತುದಿಯ ಬೆಂಡಿನ ಮೇಲೆ ಇನ್ನಷ್ಟು ಒಳಕ್ಕೆ ತಳ್ಳಿದರೆ ಕೊಳವೆಯ ಉದ್ದ ಕಡಮೆಯಾಗಿ ಶ್ರುತಿ ಏರುತ್ತದೆ. ಆ ಬೆಂಡು ಸವೆದು ಸಡಿಲವಾಗಿದ್ದರೆ ನಡೆಯುವಾಗ ಬಾಯಿಗಂಡಿ ತಾನಾಗಿ ತಿರುಗಿಬಿಡುತ್ತದೆ. ಕೊಳ್ಳುವಾಗ ಇಂತಹ ಚಿಕ್ಕ ವಿಷಯವನ್ನೂ ಬೆರಳಿನಿಂದ ಒತ್ತಿ ಪರೀಕ್ಷಿಸುವುದು ಜಾಣತನ.

ಜೊಂಡಿನ ರೀಡ್ ಬಯಲಿನ ಗಾಳಿಗೆ ಬೇಗ ಒಣಗಿ ಸೀಳುತ್ತದೆ. ಬಯಲಿನ ಬಳಕೆಗೆಂದು ಅನೇಕರು ಈಗ ಕೃತಕ ವಸ್ತುವಿನ ರೀಡುಗಳನ್ನು ಉಪಯೋಗಿಸುತ್ತಾರೆ. ಒಂದರ ಬೆಲೆ ಜೊಂಡಿನ ಹಲವು ರೀಡುಗಳಿಗೆ ಸಮವಾದರೂ ಬಿಸಿಲು ಮಳೆಗಳಿಗೆ ಅದು ಜಗ್ಗದು. ಬಾಯಿಗಂಡಿಯೂ ಹಾಗೆಯೇ: ಒಳ್ಳೆಯ ಗಟ್ಟಿ ರಬ್ಬರಿನದನ್ನು ಸಭಾಂಗಣಕ್ಕೆ ಮೀಸಲಿಟ್ಟು, ಮೈದಾನಕ್ಕೆ ಅಗ್ಗದ ಪ್ಲಾಸ್ಟಿಕ್ಕಿನದನ್ನು ಬಳಸಿದರೆ, ಸಾಲಿನಲ್ಲಿ ಯಾರದೋ ಮೊಣಕೈ ತಾಗಿ ಅದು ನೆಲಕ್ಕೆ ಬಿದ್ದರೂ ಮನೆಯವರ ಎದೆ ಧಸಕ್ಕೆನ್ನುವುದಿಲ್ಲ.

ಸೋರುವ ವಾದ್ಯ, ಸೋಲುವ ಮಗು

ಹಾಗಾದರೆ ಅಗ್ಗದ ವಾದ್ಯವೊಂದನ್ನೇ ಕೊಂಡುಬಿಟ್ಟರಾಯಿತಲ್ಲವೇ? ಹೇಗೂ ಮಳೆಯಲ್ಲಿ ನೆನೆಯುವುದು, ಹುಲ್ಲಿನ ಮೇಲೆ ಉರುಳುವುದು! ಹಲವು ತಂದೆತಾಯಿಗಳು ಹೀಗೆಯೇ ತರ್ಕಿಸುತ್ತಾರೆ. ಹೆಸರುವಾಸಿಯಾದ ತಯಾರಕರ ಹೊಸ ಆಲ್ಟೋ, ವಿದ್ಯಾರ್ಥಿಗಳಿಗೆಂದೇ ಮಾಡಿದ್ದಾದರೂ, ಸಾವಿರ ಡಾಲರಿಗೆ ಮೀರುತ್ತದೆ. ಹೆಸರಿಲ್ಲದ ತಯಾರಿಕೆಗಳು ಇನ್ನೂರು ಮುನ್ನೂರಕ್ಕೂ ದೊರೆಯುತ್ತವೆ. ಹೊಳಪಿನಲ್ಲಿ ಎರಡಕ್ಕೂ ಭೇದ ಕಾಣದು. ಭೇದ ಕಾಣುವುದು ಮೂರು ತಿಂಗಳ ಅನಂತರ.

ಮೆತು ಲೋಹದ ಕೀಲಿಗಳು ಬೆರಳಿನ ಒತ್ತಡಕ್ಕೇ ಬಾಗುತ್ತವೆ. ಕೀಲಿ ಕೂದಲೆಳೆಯಷ್ಟು ಬಾಗಿದರೂ ಮೆತ್ತೆ ರಂಧ್ರವನ್ನು ಪೂರ್ತಿ ಮುಚ್ಚದು. ಸಂದಿನಲ್ಲಿ ಉಸಿರು ಸೋರುತ್ತದೆ. ಸೋರಿಕೆ ಮೇಲಿರುವಾಗ ಅದಕ್ಕಿಂತ ಕೆಳಗಿನ ಮಂದ್ರ ಸ್ವರಗಳೆಲ್ಲ ಕೆಡುತ್ತವೆ: ಊದಿದರೆ ಸ್ವರ ಹೊರಡದು, ಇಲ್ಲವೇ ಕೀರಲಾಗಿ ಮೇಲಿನ ಸ್ಥಾಯಿಗೆ ಹಾರುತ್ತದೆ. ಅನುಭವಿಯಾದ ವಾದಕ ಇದನ್ನು ಕೇಳಿದೊಡನೆ ವಾದ್ಯದ ದೋಷವೆಂದು ಗುರುತಿಸುತ್ತಾನೆ. ಕಲಿಯುವ ಮಗುವಿಗೆ ಅದು ಹೇಗೆ ತಿಳಿಯಬೇಕು? ಪಕ್ಕದ ಹುಡುಗಿಯ ವಾದ್ಯ ಹಾಡುತ್ತದೆ, ತನ್ನದು ಕಿರುಚುತ್ತದೆ. ತಾನು ಇನ್ನೂ ಬಲವಾಗಿ ಊದಬೇಕೆಂದು ಮಗು ತುಟಿ ಬಿಗಿಯುತ್ತದೆ, ಕೀಲಿಗಳನ್ನು ಹಿಸುಕುತ್ತದೆ, ಸಂಜೆಯೆಲ್ಲ ಕೋಣೆಯಲ್ಲಿ ಹೆಣಗುತ್ತದೆ. ಕೊನೆಗೆ, “ನನಗೆ ಸಂಗೀತ ಬರುವುದಿಲ್ಲ” ಎಂದು ತೀರ್ಮಾನಿಸಿ ಪೆಟ್ಟಿಗೆ ಮುಚ್ಚುತ್ತದೆ. ಮನೆಯವರೂ, ಪಾಪ, ಅದನ್ನೇ ನಂಬುತ್ತಾರೆ. ಉಳಿತಾಯ ಮಾಡಿದ ಕೆಲವು ನೂರು ಡಾಲರುಗಳಿಗೆ ತೆತ್ತ ಬೆಲೆ ಇದು!

ಇಂತಹ ವಾದ್ಯವನ್ನು ದುರಸ್ತಿಗೆ ಒಯ್ದರೆ, ಬಿಡಿಭಾಗ ದೊರೆಯದೆಂದು ಹಲವು ಕುಶಲಕರ್ಮಿಗಳು ಕೈಯಾಡಿಸುವುದಕ್ಕೇ ಒಪ್ಪುವುದಿಲ್ಲ. ಆದುದರಿಂದ ಕೊಳ್ಳುವ ಮೊದಲು ಹಾಕಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಇದು: ಈ ವಾದ್ಯ ಕೆಟ್ಟರೆ ಊರಿನಲ್ಲಿ ಇದನ್ನು ಸರಿಪಡಿಸುವವರು ಇದ್ದಾರೆಯೇ?

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮಗುವಿನ ಮೇಲಿನ ಮಮತೆಯಿಂದಲೋ ನೆರೆಹೊರೆಯವರ ಕಣ್ಣಿಗೆಂದೋ ಹಲವು ಸಾವಿರ ಡಾಲರು ತೆತ್ತು ವೃತ್ತಿಪರರ ವಾದ್ಯವನ್ನು ತರುವವರಿದ್ದಾರೆ. ಪ್ಯಾರಿಸ್ಸಿನ ಸೆಲ್ಮರ್ ಸಂಸ್ಥೆ ೧೯೫೪ರಿಂದ ಎರಡು ದಶಕಗಳ ಕಾಲ ತಯಾರಿಸಿದ ‘ಮಾರ್ಕ್ ಸಿಕ್ಸ್’ ಎಂಬ ಮಾದರಿಯನ್ನು ಜ್ಯಾಜ್ ವಾದಕರು ಇಂದಿಗೂ ನಿಧಿಯಂತೆ ಕಾಪಾಡುತ್ತಾರೆ. ಅಂತಹ ವಾದ್ಯವನ್ನು ಕೆಸರಿನ ಮೈದಾನಕ್ಕೆ ಕಳಿಸುವುದೆಂದರೆ ರೇಷ್ಮೆಯ ಪೀತಾಂಬರ ಉಟ್ಟು ಗದ್ದೆ ನಾಟಿಗೆ ಹೊರಟಂತೆ. ಮಗು ವಾದ್ಯವನ್ನು ಕಾಯುವುದರಲ್ಲಿಯೇ ಅಂಜುತ್ತ ನಡೆದರೆ ಹೆಜ್ಜೆಯೂ ತಪ್ಪುತ್ತದೆ, ಸ್ವರವೂ ತಪ್ಪುತ್ತದೆ.

ಹೊಸದೋ, ಹಳೆಯದೋ, ಬಾಡಿಗೆಯದೋ?

ಮಧ್ಯಮಮಾರ್ಗ ಯಾವುದು? ಗಟ್ಟಿಮುಟ್ಟಾದ, ವಿದ್ಯಾರ್ಥಿಗಳಿಗೆಂದೇ ಮಾಡಿದ, ಪ್ರಸಿದ್ಧ ತಯಾರಕರ, ಒಮ್ಮೆ ಬಳಸಿದ ವಾದ್ಯವೇ ಮೈದಾನಕ್ಕೆ ಅತ್ಯುತ್ತಮವೆಂದು ಬಲ್ಲವರ ಅಭಿಪ್ರಾಯ. ೧೯೬೭ರಿಂದ ಸ್ಯಾಕ್ಸೊಫೋನ್ ತಯಾರಿಸುತ್ತಿರುವ ಜಪಾನಿನ ಯಮಹಾ ಸಂಸ್ಥೆಯ ‘ವೈ.ಎ.ಎಸ್. ೨೩’ ಎಂಬ ಆಲ್ಟೋ ಇದಕ್ಕೆ ಒಳ್ಳೆಯ ನಿದರ್ಶನ. ಅದರ ತಯಾರಿಕೆ ನಿಂತಿದ್ದರೂ ಹಳೆಯ ವಾದ್ಯಗಳ ಪೇಟೆಯಲ್ಲಿ ಇನ್ನೂ ಹೇರಳವಾಗಿ ದೊರೆಯುತ್ತದೆ. ಅದನ್ನು ಬಿಚ್ಚಿ ಜೋಡಿಸಬಲ್ಲವರೂ ಅನೇಕ.

ಹಳೆಯದನ್ನು ಕೊಳ್ಳುವವರು ಕುಶಲಕರ್ಮಿಗೆ ತೋರಿಸದೆ ಹಣ ಕೊಡಬಾರದು. ಆತ ಕತ್ತಲೆಯ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ದೀಪವೊಂದನ್ನು ಇಳಿಬಿಟ್ಟು ಕೀಲಿಗಳನ್ನು ಒಂದೊಂದಾಗಿ ಮುಚ್ಚುತ್ತಾನೆ. ಮೆತ್ತೆಯ ಅಂಚಿನಲ್ಲಿ ಬೆಳಕು ಇಣುಕಿದರೆ ಅಲ್ಲಿ ಸೋರಿಕೆಯಿದೆಯೆಂದು ಅರ್ಥ. ಮೇಲಿನ ಬಾಗಿದ ಕೊಳವೆ ಕೆಳಕ್ಕೆ ಜಗ್ಗಿದೆಯೇ, ಉದ್ದನೆಯ ಸರಳುಗಳು ಸೊಟ್ಟಗಾಗಿವೆಯೇ, ಬೆಸುಗೆಯ ಗುರುತುಗಳಿವೆಯೇ ಎಂದೂ ನೋಡುತ್ತಾನೆ. ಹೊಳಪು ಮಾಸಿದ್ದರೆ ಚಿಂತೆಯಿಲ್ಲ. ನಾದಕ್ಕೂ ಹೊಳಪಿಗೂ ಸಂಬಂಧವಿಲ್ಲ. ಮೆತ್ತೆಗಳನ್ನೆಲ್ಲ ಬದಲಾಯಿಸಬೇಕಾಗಿ ಬಂದರೆ ಮಾತ್ರ ಆ ಖರ್ಚು ನೂರಾರು ಡಾಲರುಗಳಾಗುತ್ತದೆ. ಅದನ್ನೂ ಕೂಡಿಸಿಯೇ ಬೆಲೆಯನ್ನು ಲೆಕ್ಕ ಹಾಕಬೇಕು.

ಹಳೆಯ ವಾದ್ಯಗಳಲ್ಲಿ ಎರಡು ಬಗೆಯವು ತಿಳಿಯದವರನ್ನು ಮೋಸಗೊಳಿಸುತ್ತವೆ. ೧೯೨೦ರ ದಶಕದಲ್ಲಿ ಅಮೆರಿಕದಲ್ಲಿ ಸ್ಯಾಕ್ಸೊಫೋನಿನ ಹುಚ್ಚು ಹಬ್ಬಿತ್ತು. ಆಗ ಮನೆಯ ಪಿಯಾನೋದೊಡನೆ ಸುಲಭವಾಗಿ ನುಡಿಸಲೆಂದು ‘ಸಿ ಮೆಲೊಡಿ’ ಎಂಬ ಬಗೆ ಬಳಕೆಗೆ ಬಂದಿತು. ಆಲ್ಟೋಗಿಂತ ದೊಡ್ಡದು, ಟೆನರಿಗಿಂತ ಚಿಕ್ಕದು. ಆದರೆ ಬ್ಯಾಂಡಿನ ಸ್ವರಲಿಪಿಯನ್ನು ಆಲ್ಟೋವಿಗಾಗಿ ‘ಇ-ಫ್ಲ್ಯಾಟ್’ ಕ್ರಮದಲ್ಲಿಯೂ ಟೆನರಿಗಾಗಿ ‘ಬಿ-ಫ್ಲ್ಯಾಟ್’ ಕ್ರಮದಲ್ಲಿಯೂ ಬರೆದಿರುತ್ತಾರೆ; ‘ಸಿ’ ಕ್ರಮದ ಈ ವಾದ್ಯಕ್ಕೆ ಅಲ್ಲಿ ಪಾಠವೇ ಇರುವುದಿಲ್ಲ. ಎರಡನೆಯದು ‘ಹೈ ಪಿಚ್’ ಎಂದು ಮುದ್ರೆಯೊತ್ತಿದ ಹಳೆಯ ವಾದ್ಯ. ಇಂದು ‘ಎ’ ಸ್ವರವನ್ನು ಸೆಕೆಂಡಿಗೆ ೪೪೦ ಕಂಪನಗಳಿಗೆ ಹೊಂದಿಸುವುದು ಸರ್ವಮಾನ್ಯ ಕ್ರಮ. ಹಿಂದೆ ಅದಕ್ಕಿಂತ ಎತ್ತರದ ಶ್ರುತಿಯೂ ಬಳಕೆಯಲ್ಲಿತ್ತು. ಆ ಶ್ರುತಿಗೆಂದು ಮಾಡಿದ ವಾದ್ಯವನ್ನು ಎಷ್ಟು ತಿದ್ದಿದರೂ ಇಂದಿನ ಬ್ಯಾಂಡಿಗೆ ಹೊಂದಿಸಲಾಗದು. ತಾತನ ಅಟ್ಟದಿಂದ ಇಳಿಸಿದ ವಾದ್ಯವೆಂಬ ಪ್ರೀತಿ ಇರಬಹುದು. ಅದನ್ನು ಗೋಡೆಯ ಅಲಂಕಾರಕ್ಕೆ ಇಟ್ಟುಕೊಳ್ಳುವುದೇ ಲೇಸು.

ಮಗುವಿನ ಆಸಕ್ತಿ ನಿಲ್ಲುವುದೋ ಇಲ್ಲವೋ ಎಂಬ ಸಂದೇಹವಿದ್ದರೆ ಬಾಡಿಗೆಯ ದಾರಿಯಿದೆ. ಅಮೆರಿಕದ ವಾದ್ಯದಂಗಡಿಗಳು ತಿಂಗಳ ಲೆಕ್ಕದಲ್ಲಿ ವಾದ್ಯಗಳನ್ನು ಕೊಡುತ್ತವೆ. ತೆತ್ತ ಬಾಡಿಗೆಯನ್ನು ಮುಂದೆ ವಾದ್ಯದ ಬೆಲೆಗೆ ಮುರಿದುಕೊಳ್ಳುವ ಪದ್ಧತಿಯೂ ಇದೆ. ದುರಸ್ತಿಯ ಹೊಣೆಯನ್ನೂ ಅಂಗಡಿಯೇ ಹೊರುವುದುಂಟು. ಮೊದಲ ವರ್ಷಕ್ಕೆ ಇದು ಸೊಗಸಾದ ಏರ್ಪಾಡು. ಆದರೆ ವರ್ಷಗಳು ಉರುಳಿದಂತೆ ಒಟ್ಟು ಮೊತ್ತ ಬಳಸಿದ ವಾದ್ಯದ ಬೆಲೆಯನ್ನು ದಾಟಿಬಿಡಬಹುದು. ಕರಾರುಪತ್ರಕ್ಕೆ ರುಜು ಹಾಕುವ ಮೊದಲು ಕಾಗದ ಪೆನ್ಸಿಲು ಹಿಡಿದು ಕೂಡಿಸಿ ನೋಡುವುದು ಗೃಹಸ್ಥನ ಧರ್ಮ.

ಬಯಲಿನಿಂದ ಸಭಾಂಗಣಕ್ಕೆ

ನವೆಂಬರ್ ಮುಗಿದೊಡನೆ ಬ್ಯಾಂಡು ಮೈದಾನ ಬಿಟ್ಟು ಸಭಾಂಗಣ ಸೇರುತ್ತದೆ. ಚಳಿಗಾಲ ಮತ್ತು ವಸಂತದ ತಿಂಗಳುಗಳಲ್ಲಿ ಅದೇ ಮಕ್ಕಳು ಕುರ್ಚಿಗಳ ಮೇಲೆ ಕುಳಿತು, ಬಯಲಿನ ಅಬ್ಬರ ಮರೆತು, ಸೂಕ್ಷ್ಮವಾದ ಸಂಗೀತವನ್ನು ಅಭ್ಯಾಸ ಮಾಡುತ್ತಾರೆ. ಎರಡು ಮೂರು ವರ್ಷ ಮೈದಾನದಲ್ಲಿ ನಡೆದು, ನಾದದ ರುಚಿ ಹತ್ತಿ, ಇನ್ನೂ ಉತ್ತಮವಾದ ವಾದ್ಯ ಬೇಕೆಂದು ಮಗು ತಾನಾಗಿ ಕೇಳುವ ಕಾಲ ಆಗ ಬರುತ್ತದೆ. ಹೆಚ್ಚಿನ ಹಣವನ್ನು ಹೂಡಬೇಕಾದ ಸಮಯ ಅದು. ಅಷ್ಟರಲ್ಲಿ ಮಗುವಿನ ಕಿವಿ ಬಲಿತಿರುತ್ತದೆ. ಎರಡು ವಾದ್ಯಗಳ ನಡುವಣ ಭೇದವನ್ನು ಅಂಗಡಿಯವನು ಹೇಳಬೇಕಾಗಿಲ್ಲ, ಅದೇ ಹೇಳುತ್ತದೆ. ಹೊಸ ವಾದ್ಯ ಸಭಾಂಗಣಕ್ಕೆ ಮೀಸಲಾಗುತ್ತದೆ. ಹಳೆಯದು ಮಳೆಬಿಸಿಲಿನ ಚಾಕರಿಯನ್ನು ಮುಂದುವರಿಸುತ್ತದೆ.

ಪ್ರೌಢಶಾಲೆಯ ಕೊನೆಯ ವರ್ಷ ಮುಗಿದ ಮೇಲೆ ಎಲ್ಲ ಮಕ್ಕಳೂ ಸಂಗೀತಗಾರರಾಗುವುದಿಲ್ಲ. ಬಹುಮಂದಿ ಬೇರೆ ಬೇರೆ ವೃತ್ತಿಗಳತ್ತ ಹೊರಟುಹೋಗುತ್ತಾರೆ. ಅವರ ಮೈದಾನದ ವಾದ್ಯ ಮಾತ್ರ ಕೆಲಸದಿಂದ ನಿವೃತ್ತವಾಗಬೇಕಿಲ್ಲ. ತಮ್ಮನಿಗೋ ತಂಗಿಗೋ, ಇಲ್ಲವೇ ನೆರೆಮನೆಯ ಒಂಬತ್ತನೆಯ ತರಗತಿಯ ಮಗುವಿಗೋ ಅದು ಕೈಬದಲಾಗುತ್ತದೆ. ಮೆತ್ತೆಗಳನ್ನು ಹೊಸದಾಗಿ ಕೂರಿಸಿ, ಬೆಂಡನ್ನು ಬದಲಿಸಿ, ಕೀಲುಗಳಿಗೆ ಎಣ್ಣೆ ಬಿಟ್ಟರೆ ಒಳ್ಳೆಯ ತಯಾರಿಕೆಯ ಸ್ಯಾಕ್ಸೊಫೋನ್ ಮೂರು ನಾಲ್ಕು ಮಕ್ಕಳನ್ನು ಮೈದಾನದ ಈ ಗೆರೆಯಿಂದ ಆ ಗೆರೆಗೆ ನಡೆಸಬಲ್ಲದು. ಮೈಮೇಲೆ ಹಿಂದಿನವರು ಉಳಿಸಿಹೋದ ಒಂದೆರಡು ತಗ್ಗುಗಳಿದ್ದರೆ ಹೊಸ ಮಗುವಿಗೂ ಅನುಕೂಲವೇ. ಮೊದಲ ತಗ್ಗು ಬಿದ್ದ ದಿನ ಮನೆಯವರ ಮುಂದೆ ಹೆದರುತ್ತ ನಿಲ್ಲಬೇಕಾದ ಕಷ್ಟ ಅದಕ್ಕಿರುವುದಿಲ್ಲ.